ಏಳು ಸಾವಿರದ ಏಳುನೂರರ ಲೆಕ್ಕ

ತೂಕ ಇಳಿಸುವ ಕುರಿತು ಪ್ರಚಾರದಲ್ಲಿರುವ ಬಹುತೇಕ ಸಲಹೆಗಳ ತಳದಲ್ಲಿ 7700 ಎಂಬ ಒಂದು ಸಂಖ್ಯೆ ಕುಳಿತಿದೆ. ಮನುಷ್ಯದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7700 ಕಿಲೋಕ್ಯಾಲೊರಿ ಶಕ್ತಿ ಅಡಗಿರುತ್ತದೆ ಎಂಬುದು ಇದರ ಅರ್ಥ. ಶುದ್ಧ ಕೊಬ್ಬು ಗ್ರಾಂಗೆ 9 ಕಿಲೋಕ್ಯಾಲೊರಿ ಕೊಡುವುದಾದರೂ ಅಂಗಾಂಶದಲ್ಲಿ ನೀರೂ ಪ್ರೋಟೀನೂ ಬೆರೆತಿರುವುದರಿಂದ ಲೆಕ್ಕ ಒಂಬತ್ತು ಸಾವಿರಕ್ಕೆ ಏರದೆ ಇಲ್ಲಿಗೇ ನಿಲ್ಲುತ್ತದೆ. ಅಮೆರಿಕದ ವೈದ್ಯ ಮ್ಯಾಕ್ಸ್ ವಿಷ್ನಾಫ್ಸ್ಕಿ 1958ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಲೇಖನದಲ್ಲಿ ಇದನ್ನು ಪೌಂಡಿಗೆ 3500 ಎಂದು ಮಂಡಿಸಿದ ಮೇಲೆ ಪಠ್ಯಪುಸ್ತಕ, ಪಥ್ಯದ ಚೀಟಿ, ಈಚೆಗೆ ಮೊಬೈಲಿನ ಆ್ಯಪ್ ಎಲ್ಲವೂ ಅದನ್ನೇ ನಕಲು ಮಾಡುತ್ತ ಬಂದಿವೆ. ದಿನಕ್ಕೆ 550 ಕಡಿಮೆ ಉಂಡರೆ ಹದಿನಾಲ್ಕು ದಿನಕ್ಕೆ ಒಂದು ಕಿಲೋ, ವರ್ಷಕ್ಕೆ 26 ಕಿಲೋ ಇಳಿಯಬೇಕು. ಲೆಕ್ಕವನ್ನು ಅಲ್ಲಿಗೆ ನಿಲ್ಲಿಸದೆ ಮುಂದುವರಿಸಿದರೆ ಮಾತ್ರ ಅದರ ವಿಚಿತ್ರ ಕಾಣುತ್ತದೆ: 68 ಕಿಲೋ ತೂಗುವ ವ್ಯಕ್ತಿ ಈ ಪಥ್ಯವನ್ನು ಬಿಡದೆ ಪಾಲಿಸಿದರೆ ಮೂರನೆಯ ವರ್ಷ ಮುಗಿಯುವುದರೊಳಗೆ ಸಂಪೂರ್ಣ ಮಾಯವಾಗಬೇಕಾಗುತ್ತದೆ.

ಯಾರೂ ಹಾಗೆ ಮಾಯವಾಗುವುದಿಲ್ಲ. ಹಾಗೆಂದು ಶಕ್ತಿಯ ಲೆಕ್ಕವೇ ಸುಳ್ಳು, ಕ್ಯಾಲೊರಿ ಎಂಬುದೇ ಹಳಸಿದ ಕಲ್ಪನೆ ಎಂದು ವಾದಿಸುವವರ ಮಾತೂ ನಿಲ್ಲುವುದಿಲ್ಲ. ಒಳಬಂದ ಶಕ್ತಿಗಿಂತ ವ್ಯಯವಾದ ಶಕ್ತಿ ಹೆಚ್ಚಾದಾಗಲಷ್ಟೇ ದೇಹದ ಸಂಗ್ರಹ ಕರಗುತ್ತದೆ ಎಂಬ ನಿಯಮಕ್ಕೆ ಇದುವರೆಗೆ ಅಪವಾದ ಸಿಕ್ಕಿಲ್ಲ. ತಪ್ಪಿರುವುದು ಬೇರೆ ಕಡೆ: ತಕ್ಕಡಿಯ ಒಂದು ತಟ್ಟೆಯಿಂದ ಸ್ವಲ್ಪ ತೆಗೆದರೆ ಇನ್ನೊಂದು ತಟ್ಟೆ ಇದ್ದಲ್ಲೇ ಇರುತ್ತದೆ ಎಂದು ಆ ಲೆಕ್ಕ ಮೊದಲೇ ಒಪ್ಪಿಕೊಂಡುಬಿಡುತ್ತದೆ. ದೇಹದಲ್ಲಿ ಎರಡು ತಟ್ಟೆಗಳೂ ಒಂದನ್ನೊಂದು ಗಮನಿಸುತ್ತಿರುತ್ತವೆ; ಊಟ ಕಡಿಮೆಯಾದರೆ ಖರ್ಚು ತಾನಾಗಿ ತಗ್ಗುತ್ತದೆ, ಶ್ರಮ ಹೆಚ್ಚಾದರೆ ಹಸಿವು ತಾನಾಗಿ ಏರುತ್ತದೆ. ಇಳಿಸಿದ ತೂಕ ಉಳಿಯುವುದು ಅಥವಾ ಮರಳುವುದು ಈ ಪರಸ್ಪರ ಹೊಂದಾಣಿಕೆಯನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಲಾಗಿದೆ ಎಂಬುದರ ಮೇಲೆ ನಿಂತಿದೆ.

ಮೊದಲು ಮಾನದ ವಿಚಾರ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಲು ಬೇಕಾದ ಶಾಖವೇ ಒಂದು ಕಿಲೋಕ್ಯಾಲೊರಿ. ಆಹಾರದ ಮಾತಿನಲ್ಲಿ ರೂಢಿಯಾಗಿ ಇದನ್ನೇ ಕ್ಯಾಲೊರಿ ಎನ್ನಲಾಗುತ್ತದೆ, ಮುಂದಿನ ಸಾಲುಗಳಲ್ಲಿಯೂ ಅದೇ ರೂಢಿಯನ್ನು ಅನುಸರಿಸಲಾಗಿದೆ. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಒಂದು ಗಿನಿಯಿಲಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಕರಗಿದ ನೀರನ್ನು ತೂಗಿ, ಉಸಿರಾಟವೆಂಬುದು ನಿಧಾನವಾದ ದಹನವೇ ಎಂದು ತೋರಿಸಿದರು. ಅದಾದ ನೂರು ವರ್ಷಗಳ ಮೇಲೆ ಅಮೆರಿಕದ ವಿಲ್ಬರ್ ಆಟ್‌ವಾಟರ್ ಮನುಷ್ಯರೇ ಒಳಗೆ ಹಲವು ದಿನ ಇರಬಹುದಾದ ಕೋಣೆಯಂಥ ಶಾಖಮಾಪಕವನ್ನು ಕಟ್ಟಿ, ಉಂಡ ಆಹಾರದ ಶಕ್ತಿಯನ್ನೂ ಹೊರಬಿದ್ದ ಶಾಖವನ್ನೂ ಹೋಲಿಸಿ ನೋಡಿದರು. ಶರ್ಕರಪಿಷ್ಟ ಮತ್ತು ಪ್ರೋಟೀನಿಗೆ ಗ್ರಾಂಗೆ 4, ಕೊಬ್ಬಿಗೆ 9 ಎಂದು ಇಂದು ಬಿಸ್ಕತ್ತಿನ ಪೊಟ್ಟಣದವರೆಗೂ ಬಂದಿರುವ ಲೆಕ್ಕ ಅವರಿಂದ ಬಂದದ್ದು.

ಭಾರತದ ಸಾರ್ವಜನಿಕ ಚರ್ಚೆಗೆ ಕ್ಯಾಲೊರಿ ಎಂಬ ಪದ ಬೊಜ್ಜಿನ ಮೂಲಕ ಬರಲಿಲ್ಲ, ಹಸಿವಿನ ಮೂಲಕ ಬಂತು ಎಂಬುದನ್ನು ಇಲ್ಲಿ ನೆನೆಯಬೇಕು. 1971ರಲ್ಲಿ ಅರ್ಥಶಾಸ್ತ್ರಜ್ಞರಾದ ದಾಂಡೇಕರ್ ಮತ್ತು ರಥ್ ಬಡತನವನ್ನು ಅಳೆಯಲು ದಿನಕ್ಕೆ 2250 ಕ್ಯಾಲೊರಿ ಎಂಬ ಗೆರೆಯನ್ನು ಬಳಸಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯತಂಡ ಗ್ರಾಮೀಣರಿಗೆ 2400, ನಗರವಾಸಿಗಳಿಗೆ 2100 ಎಂದು ಗೆರೆಯನ್ನು ಮತ್ತೆ ಎಳೆಯಿತು. ಅರ್ಥಶಾಸ್ತ್ರಜ್ಞರು ಆ ಗೆರೆಯ ಕೆಳಗಿದ್ದವರನ್ನು ಎಣಿಸುತ್ತಿದ್ದ ದೇಶದಲ್ಲೇ ಒಂದೆರಡು ತಲೆಮಾರುಗಳೊಳಗೆ ಅದರ ಮೇಲಿರುವವರನ್ನೂ ಎಣಿಸುವ ಕಾಲ ಬಂದಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಹೆಂಗಸರೂ ಗಂಡಸರೂ ಶೇ. 30ರಷ್ಟು ಮಂದಿ ಅಧಿಕ ತೂಕದವರು. ಇದು ದೇಶದ ಸರಾಸರಿಗಿಂತ ಹೆಚ್ಚು.

ಈಗ ಖರ್ಚಿನ ಕಡೆ ನೋಡಿದರೆ, ದೇಹ ಶಕ್ತಿಯನ್ನು ಮೂರು ಬಗೆಯಲ್ಲಿ ವ್ಯಯಿಸುತ್ತದೆ. ಹೃದಯ, ಮಿದುಳು, ಯಕೃತ್ತು, ಮೂತ್ರಪಿಂಡಗಳು ಸುಮ್ಮನೆ ಮಲಗಿದಾಗಲೂ ನಡೆಸುವ ಕೆಲಸಕ್ಕೆ ತಗಲುವುದು ಮೂಲ ಚಯಾಪಚಯ. ಕುಳಿತು ಕೆಲಸ ಮಾಡುವವರಲ್ಲಿ ಒಟ್ಟು ಖರ್ಚಿನ ಶೇ. 60ರಿಂದ 70ರಷ್ಟು ಇದೇ ಆಗಿರುತ್ತದೆ. ಉಂಡದ್ದನ್ನು ಅರಗಿಸಿ ಸಂಗ್ರಹಿಸಲು ಶೇ. 10ರಷ್ಟು ಹೋಗುತ್ತದೆ. ಉಳಿದದ್ದು ಚಲನೆ; ಇದರಲ್ಲಿ ವ್ಯಾಯಾಮ ಮಾತ್ರವಲ್ಲ, ಮಹಡಿ ಹತ್ತುವುದು, ಬಟ್ಟೆ ಒಗೆಯುವುದು, ನಿಂತು ಅಡುಗೆ ಮಾಡುವುದು, ಕಾಲು ಅಲ್ಲಾಡಿಸುವುದೂ ಸೇರಿದೆ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದಂತೆ 40 ವರ್ಷದ, 155 ಸೆಂಟಿಮೀಟರ್ ಎತ್ತರದ, 68 ಕಿಲೋ ತೂಕದ ಮಹಿಳೆಯ ವಿಶ್ರಾಂತಿಯ ಖರ್ಚು ದಿನಕ್ಕೆ ಸುಮಾರು 1290 ಕ್ಯಾಲೊರಿ. ಕಚೇರಿಯಲ್ಲಿ ಕುಳಿತು ದುಡಿಯುವವಳಾದರೆ ಒಟ್ಟು 1800ರ ಹತ್ತಿರ. ಇಂಥ ಸೂತ್ರಗಳು ಪಾಶ್ಚಾತ್ಯ ದೇಹಗಳನ್ನು ಅಳೆದು ಮಾಡಿದವು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1990ರ ದಶಕದಲ್ಲಿ ಭಾರತೀಯರ ಮೂಲ ಚಯಾಪಚಯವನ್ನು ಅಳೆದಾಗ, ಆಗ ಬಳಕೆಯಲ್ಲಿದ್ದ ಅಂತರರಾಷ್ಟ್ರೀಯ ಸೂತ್ರಗಳು ಇಲ್ಲಿನವರಿಗೆ ಹೆಚ್ಚನ್ನೇ ಹೇಳುತ್ತಿರುವುದು ಕಂಡುಬಂತು. ಜನಾಂಗದ ನಿಗೂಢ ಗುಣವೇನೂ ಇದಕ್ಕೆ ಕಾರಣವಲ್ಲ. ಅಷ್ಟೇ ತೂಕದ ಭಾರತೀಯ ದೇಹದಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು ಇರುವುದೇ ಬಹುಮಟ್ಟಿಗೆ ಕಾರಣ. ಆದ್ದರಿಂದ 1800 ಎಂಬುದನ್ನು ಮೇಲಿನ ಅಂದಾಜು ಎಂದು ತಿಳಿಯುವುದೇ ಸರಿ.

ವಯಸ್ಸಾದಂತೆ ಚಯಾಪಚಯ ಕುಗ್ಗಿತು ಎಂಬ ಸಮಾಧಾನವೂ ನಡುವಯಸ್ಸಿನವರಿಗೆ ಈಗ ಉಳಿದಿಲ್ಲ. 29 ದೇಶಗಳ ಆರು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ, ದೇಹದ ಗಾತ್ರ ಮತ್ತು ರಚನೆಯನ್ನು ಲೆಕ್ಕಕ್ಕೆ ಹಿಡಿದರೆ 20ರಿಂದ 60 ವರ್ಷದವರೆಗೆ ಶಕ್ತಿಯ ಖರ್ಚು ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ ಎಂದು ತೋರಿಸಿತು. ನಲವತ್ತರಲ್ಲಿ ಹೊಟ್ಟೆ ಬಂದರೆ ಕಾರಣವನ್ನು ತಟ್ಟೆಯಲ್ಲಿ, ಕುರ್ಚಿಯಲ್ಲಿ, ಬಳಸದೆ ಕರಗಿಹೋದ ಸ್ನಾಯುವಿನಲ್ಲಿ ಹುಡುಕಬೇಕಾಗುತ್ತದೆ.

ತಟ್ಟೆಯಲ್ಲಿ ಹುಡುಕುವುದು ಅಷ್ಟು ಸುಲಭವಲ್ಲ. ಮನುಷ್ಯ ತಾನು ಉಂಡದ್ದರ ಬಗ್ಗೆ ನಂಬಲರ್ಹ ಸಾಕ್ಷಿಯಲ್ಲ. ಎಷ್ಟು ಪಥ್ಯ ಮಾಡಿದರೂ ತೂಕ ಇಳಿಯುತ್ತಿಲ್ಲ ಎನ್ನುತ್ತಿದ್ದವರನ್ನು 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು ಪರೀಕ್ಷಿಸಿದರು. ಹೈಡ್ರೋಜನ್ ಮತ್ತು ಆಮ್ಲಜನಕದ ತುಸು ಭಾರವಾದ ರೂಪಗಳನ್ನು ಬೆರೆಸಿದ ನೀರನ್ನು ಕುಡಿಸಿ, ಅವೆರಡೂ ದೇಹದಿಂದ ಹೊರಹೋಗುವ ವೇಗದ ವ್ಯತ್ಯಾಸದಿಂದ ಉಸಿರಿನ ಇಂಗಾಲದ ಡೈಆಕ್ಸೈಡನ್ನೂ, ಅದರಿಂದ ಶಕ್ತಿಯ ಖರ್ಚನ್ನೂ ಕಂಡುಹಿಡಿಯುವ ವಿಧಾನವೊಂದಿದೆ. ಜೋಡಿ ಗುರುತಿನ ನೀರಿನ ವಿಧಾನ ಎಂದು ಇದನ್ನು ಕರೆಯಬಹುದು. ಹಾಗೆ ಅಳೆದಾಗ ಅವರ ಚಯಾಪಚಯದಲ್ಲಿ ಯಾವ ದೋಷವೂ ಕಾಣಲಿಲ್ಲ. ಆದರೆ ಅವರು ಉಣ್ಣುವುದನ್ನು ಸರಾಸರಿ ಶೇ. 47ರಷ್ಟು ಕಡಿಮೆ ಮಾಡಿ ಹೇಳಿದ್ದರು, ದೈಹಿಕ ಚಟುವಟಿಕೆಯನ್ನು ಶೇ. 51ರಷ್ಟು ಹಿಗ್ಗಿಸಿ ಹೇಳಿದ್ದರು. ಅವರು ಸುಳ್ಳುಗಾರರೇನೂ ಅಲ್ಲ. ಅಡುಗೆಮನೆಯಲ್ಲಿ ನಿಂತು ಬಾಯಿಗೆ ಹಾಕಿಕೊಂಡ ಹಿಡಿ ಕಡಲೆಬೀಜ, ಮಗು ತಟ್ಟೆಯಲ್ಲಿ ಬಿಟ್ಟ ಎರಡು ತುತ್ತು, ಮೂರನೆಯ ಲೋಟ ಕಾಫಿ ಯಾವುದೂ ಊಟವೆಂದು ನೆನಪಿನಲ್ಲಿ ದಾಖಲಾಗುವುದಿಲ್ಲ.

ಕನ್ನಡನಾಡಿನ ಅಡುಗೆಮನೆಯಲ್ಲಿ ಈ ಮರೆವು ಮುಖ್ಯವಾಗಿ ಎಣ್ಣೆ, ತುಪ್ಪ, ಕಾಯಿ, ಸಕ್ಕರೆಗಳ ಸುತ್ತ ಸೇರಿಕೊಂಡಿರುತ್ತದೆ. ಒಂದು ಚಮಚ ಸಕ್ಕರೆ ಐದು ಗ್ರಾಂ ತೂಗಿದರೆ 20 ಕ್ಯಾಲೊರಿ. ಎರಡೆರಡು ಚಮಚದಂತೆ ದಿನಕ್ಕೆ ಮೂರು ಕಾಫಿ ಎಂದರೆ ಸಕ್ಕರೆಯಿಂದಲೇ 120. ಹಸಿ ತೆಂಗಿನಕಾಯಿಯ ತುರಿ ನೂರು ಗ್ರಾಂಗೆ 400ರಷ್ಟಿದ್ದು, ಚಟ್ನಿಯನ್ನು ನಂಜಿಕೊಳ್ಳುವುದಕ್ಕೂ ದೋಸೆಗೆ ಸಮನಾಗಿ ಬಡಿಸಿಕೊಳ್ಳುವುದಕ್ಕೂ ಇರುವ ಅಂತರ ದೊಡ್ಡದು. ಎಣ್ಣೆಯ ಲೆಕ್ಕವನ್ನು ಒಗ್ಗರಣೆ ಸೌಟಿನಿಂದ ಹಿಡಿಯುವುದಕ್ಕಿಂತ ತಿಂಗಳ ದಿನಸಿ ಚೀಟಿಯಿಂದ ಹಿಡಿಯುವುದು ಹೆಚ್ಚು ಪ್ರಾಮಾಣಿಕ: ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಬಂದರೆ ತಲೆಗೆ ಒಂದು ಲೀಟರ್, ಅಂದರೆ ದಿನಕ್ಕೆ 30 ಗ್ರಾಂ, ಅಂದರೆ ಸುಮಾರು 270 ಕ್ಯಾಲೊರಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದೂಟಕ್ಕೆ ಎಣ್ಣೆ ಜಿಡ್ಡುಗಳನ್ನು 27 ಗ್ರಾಂ ಎಂದು ಇಟ್ಟಿದೆ; ಮನೆಗೆ ಬರುವ ಎಣ್ಣೆಯೇ ಆ ಮಿತಿಯನ್ನು ದಾಟಿರುವಾಗ ತುಪ್ಪ, ಬೆಣ್ಣೆ, ಹೋಟೆಲಿನ ಕಾವಲಿಯ ಮೇಲೆ ಸುರಿದದ್ದು ಎಲ್ಲವೂ ಅದರ ಮೇಲಿನ ಸೇರ್ಪಡೆ.

ರಾಗಿಯ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ, ಏಕೆಂದರೆ ಅನ್ನ ಬಿಟ್ಟು ಮುದ್ದೆ ಹಿಡಿದರೆ ತೂಕ ತಾನಾಗಿ ಇಳಿಯುತ್ತದೆ ಎಂಬ ನಂಬಿಕೆ ಈಗ ಬೆಂಗಳೂರು, ಮೈಸೂರುಗಳಲ್ಲಿ ಬಲವಾಗಿ ಬೇರೂರಿದೆ. ಭಾರತೀಯ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, ಅಷ್ಟೇ ಪಾಲಿಷ್ ಅಕ್ಕಿಯಲ್ಲಿ ಸುಮಾರು 356. ಅಂತರ ಹತ್ತನೆಯ ಒಂದು ಪಾಲು ಮಾತ್ರ. ರಾಗಿಯ ನಿಜವಾದ ಲಾಭ ಬೇರೆ ಕಡೆ ಇದೆ: ಅದರಲ್ಲಿ ನೂರಕ್ಕೆ 11 ಗ್ರಾಂ ನಾರು ಇರುವುದರಿಂದ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ತಡವಾಗಿ ಮರಳುತ್ತದೆ. ಮುದ್ದೆಯ ಗಾತ್ರವನ್ನು ನಿರ್ಧರಿಸಿದ್ದು ಮಾತ್ರ ಹೊಲ. 2020ರ ರಾಷ್ಟ್ರೀಯ ಶಿಫಾರಸಿನಂತೆ 65 ಕಿಲೋ ತೂಕದ, ಕುಳಿತು ದುಡಿಯುವ ಗಂಡಸಿಗೆ ದಿನಕ್ಕೆ 2110 ಕ್ಯಾಲೊರಿ ಸಾಕು, ಅದೇ ಗಂಡಸು ಕಷ್ಟದ ಮೈಗೆಲಸ ಮಾಡಿದರೆ 3470 ಬೇಕು. ಇವೆರಡರ ನಡುವಿನ 1360 ಕ್ಯಾಲೊರಿ ಎಂದರೆ ತಲಾ ನೂರು ಗ್ರಾಂ ಹಿಟ್ಟಿನ ನಾಲ್ಕು ಮುದ್ದೆಗಿಂತಲೂ ಹೆಚ್ಚು. ಮಂಡ್ಯ, ಕೋಲಾರ, ತುಮಕೂರುಗಳ ರೈತನ ಮಗ ಗುದ್ದಲಿ ಬಿಟ್ಟು ಗಣಕಯಂತ್ರದ ಮುಂದೆ ಕುಳಿತಾಗ ಬದಲಾದದ್ದು ಕೆಲಸ. ಬಡಿಸುವ ಕೈಗೆ ಅದು ತಿಳಿಯಲಿಲ್ಲ. ಒಂದು ತಲೆಮಾರಿನ ಅನ್ನದ ರಾಶಿಯನ್ನೂ ಮುದ್ದೆಯ ಗಾತ್ರವನ್ನೂ ಮುಂದಿನ ತಲೆಮಾರು ಹಾಗೆಯೇ ಆನುವಂಶಿಕವಾಗಿ ಪಡೆಯಿತು, ದುಡಿಮೆಯನ್ನು ಪಡೆಯಲಿಲ್ಲ.

ಹಾಗಾದರೆ ದುಡಿಮೆಗೆ ಬದಲಾಗಿ ವ್ಯಾಯಾಮವನ್ನು ಇಟ್ಟರೆ ಸಾಲದೇ ಎಂಬ ಪ್ರಶ್ನೆ ಸಹಜ. ಅಳತೆಗೆ ಬಂದಾಗ ನಿರಾಸೆಯಾಗುತ್ತದೆ. ಮೇಲೆ ಹೇಳಿದ 68 ಕಿಲೋ ತೂಕದ ಮಹಿಳೆ ಗಂಟೆಗೆ ಐದು ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಮುಕ್ಕಾಲು ಗಂಟೆ ನಡೆದರೆ, ಆ ಹೊತ್ತು ಸುಮ್ಮನೆ ಕುಳಿತಿದ್ದರೂ ಆಗುತ್ತಿದ್ದ ಖರ್ಚನ್ನು ಕಳೆದು, ಹೆಚ್ಚುವರಿಯಾಗಿ ವ್ಯಯವಾಗುವುದು ಸುಮಾರು 130 ಕ್ಯಾಲೊರಿ. ತುಪ್ಪ ಜಿನುಗುವ ಮೈಸೂರು ಪಾಕಿನ ಒಂದು ಚಿಕ್ಕ ತುಂಡು ಇದನ್ನು ಸರಿದೂಗಿಸಿಬಿಡುತ್ತದೆ. ಲಾಲ್‌ಬಾಗಿನಲ್ಲಿ ಬೆಳಗಿನ ನಡಿಗೆ ಮುಗಿಸಿ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಮನೆಗೆ ಹೋಗುವವರು ಶಕ್ತಿಯ ದೃಷ್ಟಿಯಿಂದ ಹೊರಟಾಗಿನಕ್ಕಿಂತ ಮುಂದೆಯೇ ಇರುತ್ತಾರೆ. ಟ್ರೆಡ್‌ಮಿಲ್ಲಿನ ಪರದೆ, ಕೈಗಡಿಯಾರಗಳು ತೋರಿಸುವ ದೊಡ್ಡ ಸಂಖ್ಯೆಗಳಲ್ಲಿ ಸುಮ್ಮನಿದ್ದರೂ ಆಗುವ ಖರ್ಚೂ ಹಲವು ಸಲ ಸೇರಿರುವುದರಿಂದ, ಅದನ್ನು ನೋಡಿ ಊಟ ಹೆಚ್ಚಿಸಿಕೊಳ್ಳುವವರು ಎರಡು ಬಾರಿ ಮೋಸಹೋಗುತ್ತಾರೆ.

ಇಷ್ಟೇ ಅಲ್ಲ. ತಾಂಜಾನಿಯಾದ ಹಾಡ್ಜಾ ಎಂಬ ಬೇಟೆ–ಸಂಗ್ರಹದ ಜನ ದಿನವೂ ಗೆಡ್ಡೆ ಅಗೆಯುತ್ತ, ಜೇನು ಕೀಳುತ್ತ, ಬೇಟೆಯ ಬೆನ್ನು ಹತ್ತಿ ಮೈಲಿಗಟ್ಟಲೆ ನಡೆಯುತ್ತ ಬದುಕುವವರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಜೋಡಿ ಗುರುತಿನ ನೀರಿನ ವಿಧಾನದಿಂದ ಅವರ ಖರ್ಚನ್ನು ಅಳೆದು 2012ರಲ್ಲಿ ಪ್ರಕಟಿಸಿದಾಗ, ದೇಹದ ಗಾತ್ರವನ್ನು ಲೆಕ್ಕಕ್ಕೆ ಹಿಡಿದರೆ ಅದು ಕುಳಿತು ಬದುಕುವ ಅಮೆರಿಕನ್ನರ ಖರ್ಚಿಗಿಂತ ಬೇರೆಯಾಗಿ ಕಾಣಲಿಲ್ಲ. ಚಟುವಟಿಕೆಗೆ ಹೆಚ್ಚು ಶಕ್ತಿ ಹೋದಾಗ ದೇಹ ಒಳಗಿನ ಇತರ ಬಾಬತ್ತುಗಳಲ್ಲಿ ಮಿತವ್ಯಯ ಮಾಡುತ್ತದೆ ಎಂಬುದು ಪಾಂಟ್ಜರ್ ಅವರ ವಿವರಣೆ. ಈ ಮಿತವ್ಯಯ ಎಷ್ಟು, ಯಾರಲ್ಲಿ ಎಂಬ ಬಗ್ಗೆ ತಜ್ಞರಲ್ಲಿ ವಾದ ಮುಗಿದಿಲ್ಲವಾದರೂ, ವ್ಯಾಯಾಮದ ಪ್ರತಿ ಕ್ಯಾಲೊರಿಯೂ ಹಾಗೇ ತೂಕದಿಂದ ಕಳೆಯುತ್ತದೆ ಎಂಬ ಸರಳ ನಿರೀಕ್ಷೆ ಇದರ ಮುಂದೆ ನಿಲ್ಲಲಾರದು.

ಇಲ್ಲಿಗೆ ವ್ಯಾಯಾಮವನ್ನು ಕೈಬಿಡಬೇಕೆಂದು ತೋರಬಹುದು. ಆದರೆ ಭಾರತದಲ್ಲೇ ನಡೆದ, ಇಂದು ಹೆಚ್ಚು ಜನ ನೆನೆಯದ ಒಂದು ಹಳೆಯ ಅಧ್ಯಯನ ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳುತ್ತದೆ. ಹಾರ್ವರ್ಡಿನ ಪೋಷಣಾ ವಿಜ್ಞಾನಿ ಜೀನ್ ಮೇಯರ್ ಅವರು ಭಾರತೀಯ ಸಹೋದ್ಯೋಗಿಗಳಾದ ರಾಯ್ ಮತ್ತು ಮಿತ್ರಾ ಅವರೊಂದಿಗೆ ಕಲ್ಕತ್ತಾದ ಹತ್ತಿರದ ಚೆಂಗೈಲ್‌ನ ಸೆಣಬಿನ ಗಿರಣಿಯೊಂದರಲ್ಲಿ 213 ಗಂಡಸರ ಆಹಾರ, ತೂಕ, ಕೆಲಸಗಳನ್ನು ಪರಿಶೀಲಿಸಿ 1956ರಲ್ಲಿ ಪ್ರಕಟಿಸಿದರು. ಗಿರಣಿಯ ಲೋಕ ಈ ಉದ್ದೇಶಕ್ಕೆ ಹೇಳಿಮಾಡಿಸಿದಂತಿತ್ತು. ಒಂದೇ ಆವರಣದಲ್ಲಿ ಇಡೀ ದಿನ ಅಂಗಡಿಯಲ್ಲಿ ಕುಳಿತ ವ್ಯಾಪಾರಿಗಳು, ಮೇಲ್ವಿಚಾರಕರು, ಗುಮಾಸ್ತರು ಇದ್ದರು, ಲಘು ಯಂತ್ರಗೆಲಸದವರಿದ್ದರು, ಸೆಣಬಿನ ಪಿಂಡಿಗಳನ್ನು ಹೊತ್ತು ಸಾಗಿಸುವ ಹಮಾಲರೂ ಇದ್ದರು. ಹಗುರ ಕೆಲಸದಿಂದ ಭಾರಿ ಕೆಲಸದ ಕಡೆಗೆ ಹೋದಂತೆ ಉಣ್ಣುವ ಪ್ರಮಾಣ ಕ್ರಮವಾಗಿ ಏರಿತ್ತು, ತೂಕ ಮಾತ್ರ ಹೆಚ್ಚುಕಡಿಮೆ ಸಮನಾಗಿ ನಿಂತಿತ್ತು. ಅಂದರೆ ಹಸಿವು ಖರ್ಚನ್ನು ಸರಿಯಾಗಿ ಹಿಂಬಾಲಿಸಿತ್ತು. ಆದರೆ ತೀರ ಕುಳಿತೇ ಇರುವವರ ಬಳಿಗೆ ಬಂದಾಗ ಗೆರೆ ತಿರುಗಿತು. ಎಲ್ಲರಿಗಿಂತ ಕಡಿಮೆ ದುಡಿಯುವ ಆ ಗುಂಪು ಹಗುರ ಕೆಲಸದವರಿಗಿಂತ ಹೆಚ್ಚು ಉಣ್ಣುತ್ತಿತ್ತು, ಎಲ್ಲರಿಗಿಂತ ಹೆಚ್ಚು ತೂಗುತ್ತಿತ್ತು.

ಒಂದು ಕಾಲಘಟ್ಟದಲ್ಲಿ ಮಾಡಿದ ಇಂಥ ವೀಕ್ಷಣೆಯಿಂದ ಕಾರ್ಯಕಾರಣ ಸಂಬಂಧವನ್ನು ಖಚಿತವಾಗಿ ಸಾಧಿಸಲಾಗದು. ಅಂಗಡಿಯವನ ಕೈಯಲ್ಲಿ ಹೆಚ್ಚು ಹಣವಿತ್ತು, ಹಣವಿದ್ದವರು ಹೆಚ್ಚು ಉಂಡಿರಬಹುದು. ಆದರೂ ಮೇಯರ್ ಮುಂದಿಟ್ಟ ವಿಚಾರ, ಅಂದರೆ ಹಸಿವಿನ ನಿಯಂತ್ರಣ ಕೆಲಸ ಮಾಡುವುದು ಒಂದು ಕನಿಷ್ಠ ಮಟ್ಟದ ಚಲನೆಯ ಮೇಲೆ, ಅದಕ್ಕಿಂತ ಕೆಳಗಿಳಿದರೆ ಹಸಿವು ತನ್ನ ಅಳತೆಗೋಲನ್ನು ಕಳೆದುಕೊಳ್ಳುತ್ತದೆ ಎಂಬುದು, ಆರೇಳು ದಶಕಗಳ ನಂತರವೂ ಗಂಭೀರ ಚರ್ಚೆಯಲ್ಲಿ ಉಳಿದಿದೆ. ಇದನ್ನು ಒಪ್ಪಿದರೆ ನಡಿಗೆಯ 130 ಕ್ಯಾಲೊರಿಯನ್ನು ಕುಹಕದಿಂದ ನೋಡುವ ಅಗತ್ಯ ಇರುವುದಿಲ್ಲ. ನಡಿಗೆಯ ಮೌಲ್ಯ ಸುಟ್ಟ ಕ್ಯಾಲೊರಿಯಲ್ಲಿ ಅಲ್ಲ, ಊಟಕ್ಕೆ ಕುಳಿತಾಗ ಸಾಕು ಎನ್ನುವ ಸೂಚನೆ ಸರಿಯಾದ ಹೊತ್ತಿಗೆ ಬರುವುದರಲ್ಲಿ ಇದೆ.

ಹಸಿವಿನ ಈ ಅಳತೆಗೋಲನ್ನು ಒರಟಾಗಿ ಮುರಿದರೆ ಏನಾಗುತ್ತದೆ ಎಂಬುದನ್ನು ಮಿನೆಸೋಟಾ ವಿಶ್ವವಿದ್ಯಾಲಯದ ಪ್ರಯೋಗ ದಾಖಲಿಸಿದೆ. ಎರಡನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, 1944–45ರಲ್ಲಿ, ಯೂರೋಪಿನ ಹಸಿದ ಜನರಿಗೆ ಹೇಗೆ ಮತ್ತೆ ಉಣಿಸಬೇಕೆಂದು ತಿಳಿಯಲು ಆ್ಯನ್ಸೆಲ್ ಕೀಸ್ ಅವರು, ಯುದ್ಧದಲ್ಲಿ ಆಯುಧ ಹಿಡಿಯಲು ನಿರಾಕರಿಸಿದ್ದ 36 ಆರೋಗ್ಯವಂತ ಯುವಕರನ್ನು ಆರು ತಿಂಗಳ ಕಾಲ ಅರೆಹೊಟ್ಟೆಯಲ್ಲಿಟ್ಟರು. ಅವರಿಗೆ ಸಿಗುತ್ತಿದ್ದುದು ದಿನಕ್ಕೆ ಸುಮಾರು 1570 ಕ್ಯಾಲೊರಿ. ಇಂದಿನ ಎಷ್ಟೋ ಪಥ್ಯದ ಪಟ್ಟಿಗಳು ಇದಕ್ಕಿಂತ ಕಡಿಮೆ ಕೊಡುತ್ತವೆ ಎಂಬುದನ್ನು ಗಮನಿಸಬೇಕು, ಆ ಯುವಕರು ವಾರಕ್ಕೆ 35 ಕಿಲೋಮೀಟರಿನಷ್ಟು ನಡೆಯಲೂ ಬೇಕಿತ್ತು ಎಂಬುದನ್ನೂ ಗಮನಿಸಬೇಕು. ದೇಹತೂಕದ ಕಾಲು ಭಾಗ ಇಳಿಯಿತು. ಅದರೊಂದಿಗೆ ಮೂಲ ಚಯಾಪಚಯವೂ ತೀವ್ರವಾಗಿ ಕುಸಿಯಿತು, ನಾಡಿ ನಿಧಾನವಾಯಿತು, ಮೈ ಚಳಿಗುಟ್ಟಿತು, ಮನಸ್ಸು ಹಗಲಿರುಳೂ ಊಟದ ಸುತ್ತ ಸುಳಿಯಿತು. ಮತ್ತೆ ಬೇಕಾದಷ್ಟು ಉಣ್ಣಲು ಬಿಟ್ಟಾಗ ಅವರಲ್ಲಿ ಹಲವರಿಗೆ ಹೊಟ್ಟೆ ತುಂಬಿದರೂ ಹಸಿವು ತೀರಲಿಲ್ಲ.

1994ರಲ್ಲಿ ಜೆಫ್ರಿ ಫ್ರೀಡ್‌ಮನ್ ಅವರ ಪ್ರಯೋಗಾಲಯ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿದ ಮೇಲೆ ಇದರ ಒಳಯಂತ್ರ ಸ್ವಲ್ಪ ತಿಳಿಯಿತು. ಕೊಬ್ಬಿನ ಕೋಶಗಳು ಸ್ರವಿಸುವ ಈ ರಾಸಾಯನಿಕ ಸಂಗ್ರಹ ಎಷ್ಟಿದೆ ಎಂದು ಮಿದುಳಿಗೆ ವರದಿ ಮಾಡುತ್ತದೆ. ಕೊಬ್ಬು ಕರಗಿದಾಗ ವರದಿ ಕ್ಷೀಣಿಸಿ, ಮಿದುಳು ಅದನ್ನು ಬರಗಾಲವೆಂದು ಓದಿ, ಹಸಿವನ್ನು ಏರಿಸಿ ಖರ್ಚನ್ನು ಇಳಿಸುತ್ತದೆ. ಅಮೆರಿಕದ ದೂರದರ್ಶನದ ತೂಕ ಇಳಿಸುವ ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷಗಳ ನಂತರ ಅಳೆದ 2016ರ ಅಧ್ಯಯನದಲ್ಲಿ, ಅವರ ವಿಶ್ರಾಂತಿಯ ಖರ್ಚು ಅವರ ಗಾತ್ರಕ್ಕೆ ಇರಬೇಕಾದದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆಯೇ ಇತ್ತು. ಇಳಿದಿದ್ದ ತೂಕದ ಬಹುಭಾಗ ಮರಳಿತ್ತು. ಈಗ ಭಾರತದ ಮಾರುಕಟ್ಟೆಗೂ ಬಂದಿರುವ ಸೆಮಾಗ್ಲುಟೈಡ್ ಮುಂತಾದ ಚುಚ್ಚುಮದ್ದುಗಳು ಈ ಹಸಿವಿನ ಸಂಕೇತವನ್ನೇ ತಗ್ಗಿಸಿ ಗಮನಾರ್ಹ ಫಲ ಕೊಡುತ್ತವೆಯಾದರೂ, ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರರಲ್ಲೆರಡು ಭಾಗ ಹಿಂದಿರುಗಿದ್ದು ಅದರ ಪ್ರಮುಖ ಪ್ರಯೋಗದ ಮುಂದುವರಿಕೆಯಲ್ಲಿ ಕಂಡುಬಂತು.

ಹಾಗಾದರೆ 7700ರ ಜಾಗದಲ್ಲಿ ಯಾವ ಲೆಕ್ಕವನ್ನು ಇಡಬೇಕು? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಕೆವಿನ್ ಹಾಲ್ ಮತ್ತು ಸಂಗಡಿಗರು ಖರ್ಚಿನ ಕುಸಿತವನ್ನೂ ಸೇರಿಸಿಕೊಂಡು 2011ರಲ್ಲಿ ಮಂಡಿಸಿದ ಗಣಿತ ಮಾದರಿಯಿಂದ ಒಂದು ಸ್ಥೂಲ ಲೆಕ್ಕ ದೊರೆಯುತ್ತದೆ: ದಿನದ ಆಹಾರದಲ್ಲಿ ಶಾಶ್ವತವಾಗಿ ಮಾಡಿದ ಪ್ರತಿ 24 ಕ್ಯಾಲೊರಿ ಕಡಿತಕ್ಕೆ ಅಂತಿಮವಾಗಿ ಒಂದು ಕಿಲೋ ತೂಕ ಇಳಿಯುತ್ತದೆ, ಅದರಲ್ಲಿ ಅರ್ಧ ಇಳಿಯಲು ಸುಮಾರು ಒಂದು ವರ್ಷ, ಬಹುಪಾಲು ಪೂರ್ಣವಾಗಲು ಮೂರು ವರ್ಷ ಹಿಡಿಯುತ್ತದೆ. ದಿನಕ್ಕೆ 240 ಕ್ಯಾಲೊರಿ ಕಡಿಮೆ ಮಾಡಿದವರು ಹಳೆಯ ಲೆಕ್ಕದಂತೆ ವರ್ಷಕ್ಕೆ ಹನ್ನೊಂದು ಕಿಲೋ ನಿರೀಕ್ಷಿಸಿ, ಐದು ಕಿಲೋ ಇಳಿದಾಗ ತಮ್ಮಲ್ಲೇ ದೋಷ ಹುಡುಕಿ ಕೈಚೆಲ್ಲುತ್ತಾರೆ. ಹೊಸ ಲೆಕ್ಕದಲ್ಲಿ ಐದು ಕಿಲೋ ಎಂಬುದೇ ನಿರೀಕ್ಷಿತ ಫಲ. ಈ ಒಂದು ತಿದ್ದುಪಡಿ ಪಥ್ಯದ ಹತ್ತು ಹೊಸ ಹೆಸರುಗಳಿಗಿಂತ ಹೆಚ್ಚು ಉಪಯುಕ್ತ ಎನ್ನಬೇಕು, ಏಕೆಂದರೆ ಬಹಳಷ್ಟು ಜನ ಸೋಲುವುದು ಕಡಿತ ಸಾಲದೆ ಅಲ್ಲ, ಫಲದ ಬಗೆಗಿನ ತಪ್ಪು ಅಂದಾಜಿನಿಂದ.

ಮೇಲಿನ ಮಹಿಳೆಯ ಉದಾಹರಣೆಗೆ ಮರಳಿದರೆ, 240 ಕ್ಯಾಲೊರಿ ಎಂಬುದು ಯಾವ ಉಪವಾಸವೂ ಅಲ್ಲ: ಮೂರು ಕಾಫಿಯ ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ 60, ಎರಡು ಚಮಚ ಎಣ್ಣೆ ಕಡಿಮೆಯಾದರೆ 80, ಮಧ್ಯಾಹ್ನದ ಅನ್ನದಲ್ಲಿ ಒಂದು ಸಣ್ಣ ಬಟ್ಟಲು ತಗ್ಗಿದರೆ ನೂರರಷ್ಟು. ತೆಗೆದ ಅನ್ನದ ಜಾಗ ಖಾಲಿ ಉಳಿಯದೆ ಮೊಳಕೆ ಕಾಳಿನ ಹುಳಿ, ಬಸ್ಸಾರಿನ ಸೊಪ್ಪು, ಕೋಸಂಬರಿ, ಮಜ್ಜಿಗೆ, ತಿನ್ನುವವರಿಗೆ ಮೊಟ್ಟೆ ಮೀನುಗಳಿಂದ ತುಂಬುವುದಕ್ಕೆ ಕಾರಣವಿದೆ. ಪ್ರೋಟೀನು ಹೆಚ್ಚು ಹೊತ್ತು ಹಸಿವು ತಡೆಯುತ್ತದೆ, ತನ್ನ ಶಕ್ತಿಯ ಶೇ. 20ರಿಂದ 30ನ್ನು ತನ್ನ ಪಚನಕ್ಕೇ ಬಳಸಿಕೊಳ್ಳುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತೂಕ ಇಳಿಯುವಾಗ ಸ್ನಾಯುವನ್ನು ಕಾಯುತ್ತದೆ. ಊಟ ಕಡಿತವೊಂದರಿಂದಲೇ ಇಳಿದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬಲ್ಲದ ಅಂಗಾಂಶವಾಗಿರುತ್ತದೆ. ಮೊದಲೇ ಸ್ನಾಯು ಕಡಿಮೆಯಿರುವ ಭಾರತೀಯ ದೇಹಕ್ಕೆ ಇದು ದುಬಾರಿ ನಷ್ಟ. ಆದ್ದರಿಂದಲೇ ವಾರಕ್ಕೆ 150ರಿಂದ 300 ನಿಮಿಷದ ಬಿರುಸು ನಡಿಗೆಯಂಥ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಅದಕ್ಕೆ ಜಿಮ್ ಕಡ್ಡಾಯವಲ್ಲ. ಗರಡಿಮನೆಯ ಬಸ್ಕಿ, ಸಾಮು, ದಂಡಗಳು ಇದೇ ಕೆಲಸವನ್ನು ಮಾಡುತ್ತಿದ್ದವು. ಗರ್ಭಿಣಿಯರು, ಬಾಣಂತಿಯರು, ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ತಗ್ಗಿಸಲು ಕೈಹಚ್ಚಬಾರದು.

ಅಮೆರಿಕದಲ್ಲಿ 1994ರಿಂದ ನಡೆದುಬಂದ ಒಂದು ನೋಂದಣಿಯಲ್ಲಿ, 13 ಕಿಲೋಗೂ ಹೆಚ್ಚು ಇಳಿಸಿ ವರ್ಷಕ್ಕೂ ಹೆಚ್ಚು ಕಾಲ ಉಳಿಸಿಕೊಂಡ ಸಾವಿರಾರು ಜನರ ವಿವರಗಳಿವೆ. ತೂಕ ಇಳಿಸಿದ ದಾರಿ ಒಬ್ಬೊಬ್ಬರದು ಒಂದೊಂದಾದರೂ, ಉಳಿಸಿಕೊಂಡವರಲ್ಲಿ ಹೆಚ್ಚಿನವರು ದಿನಕ್ಕೆ ಸುಮಾರು ಒಂದು ಗಂಟೆ, ಬಹುಮಟ್ಟಿಗೆ ನಡಿಗೆಯಲ್ಲಿ, ಮೈ ದಂಡಿಸುವವರು ಎಂಬುದು ಅದರಲ್ಲಿ ಎದ್ದುಕಾಣುವ ಅಂಶ. ಇಳಿತದ ಹೊಣೆಯ ಹೆಚ್ಚು ಪಾಲು ತಟ್ಟೆಯದು, ಇಳಿದದ್ದು ಮರಳದಂತೆ ನೋಡುವ ಹೊಣೆಯ ಹೆಚ್ಚು ಪಾಲು ಕಾಲುಗಳದು ಎಂಬ ಹಂಚಿಕೆ ಇದರಿಂದ ಮೂಡುತ್ತದೆ. ಹೀಗೆ ನೋಡಿದರೆ ವ್ಯಾಯಾಮವನ್ನು ಮೊದಲ ತಿಂಗಳಲ್ಲೇ ತಕ್ಕಡಿಯ ಮುಳ್ಳಿನಿಂದ ಅಳೆದು ನಿರಾಶರಾಗುವುದು, ಬಿತ್ತಿದ ವಾರಕ್ಕೇ ಫಸಲು ಎಣಿಸಲು ಹೋದಂತೆ.

ಮುಳ್ಳಿನ ವಿಚಾರದಲ್ಲಿಯೂ ಎಚ್ಚರ ಬೇಕು. ಪಥ್ಯದ ಮೊದಲ ವಾರದಲ್ಲಿ ಇಳಿಯುವ ಎರಡು ಮೂರು ಕಿಲೋದಲ್ಲಿ ಬಹುಪಾಲು ನೀರು. ಯಕೃತ್ತು ಮತ್ತು ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಪಿಷ್ಟ ತನ್ನ ಮೂರು ನಾಲ್ಕು ಪಟ್ಟು ನೀರನ್ನು ಹಿಡಿದಿಟ್ಟಿರುವುದರಿಂದ ಅದು ಕರಗಿದಾಗ ನೀರೂ ಹೋಗುತ್ತದೆ, ಒಂದು ಮದುವೆಯೂಟದ ಮರುದಿನ ಉಪ್ಪಿನ ಜೊತೆ ಮರಳಿಯೂ ಬರುತ್ತದೆ. ವಾರದ ಸರಾಸರಿಯನ್ನು ನೋಡುವುದೇ ಇದಕ್ಕೆ ಪರಿಹಾರ. ತೂಕಕ್ಕಿಂತ ಸೊಂಟದ ಸುತ್ತಳತೆ ಇಲ್ಲಿ ಹೆಚ್ಚು ನಂಬಲರ್ಹ. ಭಾರತೀಯ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ ಎಂದು ತಜ್ಞರು ನಿಗದಿಮಾಡಿದ್ದಾರೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮದೇ ಚಿತ್ರವನ್ನು ಪ್ರಕಟಿಸಿ ತೂಕವನ್ನಷ್ಟೇ ನಂಬಲಾಗದೆಂಬುದನ್ನು ಮನಗಾಣಿಸಿದರು: ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಆದರೆ ದೇಹದ ಕೊಬ್ಬು ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2.

ತೂಕದ ಯಂತ್ರ ಹೇಳದೆ ಬಿಡುವ ಇನ್ನೊಂದು ಸಂಗತಿ ಚೆನ್ನೈನಿಂದ ಬಂದಿದೆ. ಮಧುಮೇಹದ ಅಂಚಿನಲ್ಲಿದ್ದ ಭಾರತೀಯರ ಮೇಲೆ ಎ. ರಾಮಚಂದ್ರನ್ ಮತ್ತು ಸಂಗಡಿಗರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗುಂಪಿಗೆ ಕೊಟ್ಟದ್ದು ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ ಮತ್ತು ಸಕ್ಕರೆ, ಜಿಡ್ಡು, ಪಾಲಿಷ್ ಧಾನ್ಯಗಳನ್ನು ತಗ್ಗಿಸುವ ಸಲಹೆ ಮಾತ್ರ. ಸುಮಾರು ಮೂರು ವರ್ಷಗಳ ಕೊನೆಗೆ ಆ ಗುಂಪಿನಲ್ಲಿ ಮಧುಮೇಹದ ಸಂಭವ ಶೇ. 28.5ರಷ್ಟು ಕಡಿಮೆಯಾಗಿತ್ತು, ಅವರ ಸರಾಸರಿ ತೂಕ ಮಾತ್ರ ಮೊದಲು ಇದ್ದಲ್ಲಿಂದ ಹೆಚ್ಚೇನೂ ಕದಲಿರಲಿಲ್ಲ.